ಕಪ್ಪಿನ ಮೇಲೆ ಕಪ್ಪು: ಚಳಿಗಾಲದ ಉಡುಪನ್ನು ನಾನು ಜೋಡಿಸುವ ಬಗೆ

ಯಾವುದೇ ಕಪ್ಪು ಬಟ್ಟೆಯನ್ನು ಕೊಳ್ಳುವ ಮುಂಚೆ ಅದನ್ನು ಕಿಟಕಿಯ ಬಳಿ ಒಯ್ದು ಹಗಲು ಬೆಳಕಲ್ಲಿ ನೋಡುತ್ತೇನೆ. ಅಂಗಡಿಯ ದೀಪದಡಿ ಎಲ್ಲ ಕಪ್ಪೂ ಒಂದೇ. ಹೊರಗೆ ಬಂದಾಗ ಹತ್ತಿಯದು ಕಂದು ಬಣ್ಣಕ್ಕೆ ತಿರುಗಿರುತ್ತದೆ, ಪಾಲಿಯೆಸ್ಟರ್ ನೀಲಿಯಾಗಿ ಮಿನುಗುತ್ತದೆ, ಉಣ್ಣೆ ಮಾತ್ರ ಬೆಳಕನ್ನು ನುಂಗಿ ಗಾಢವಾಗಿ ನಿಲ್ಲುತ್ತದೆ. ಒಂದೇ ಬಗೆಯ ನೇಯ್ಗೆಯ ಎರಡು ಬಟ್ಟೆಗಳ ಕಪ್ಪು ತುಸುವೇ ಬೇರೆಯಾದರೂ ಜೋಡಿ ತಪ್ಪಿದಂತೆ ಕಾಣುತ್ತದೆ. ನೇಯ್ಗೆಯೇ ಬೇರೆ ಇದ್ದರೆ, ಅಂದರೆ ಒರಟು ಉಣ್ಣೆಯ ಪಕ್ಕ ಚರ್ಮವೋ ತೆಳು ಹತ್ತಿಯೋ ಬಂದರೆ, ಆ ವ್ಯತ್ಯಾಸವೇ ಚಂದ.

1981ರಲ್ಲಿ, ಕಪ್ಪು ಉಡುಪಿಗೆ ಹೆಸರಾದ ಜಪಾನಿನ ವಿನ್ಯಾಸಕರಾದ ಯೋಜಿ ಯಮಮೊಟೊ ಮತ್ತು ರೇ ಕವಾಕುಬೊ ಪ್ಯಾರಿಸ್‌ನಲ್ಲಿ ತಮ್ಮ ಉಡುಪುಗಳನ್ನು ಮೊದಲು ತೋರಿಸಿದರು. ಅವರ ಕೆಲಸದಲ್ಲಿ ಕಲಿಯಬೇಕಾದದ್ದು ಬಣ್ಣಕ್ಕಿಂತ ಹೆಚ್ಚಾಗಿ ಮೈಗೂ ಬಟ್ಟೆಗೂ ನಡುವೆ ಬಿಡುವ ಜಾಗ. ಅಮೆರಿಕದ ವಿನ್ಯಾಸಕ ರಿಕ್ ಓವೆನ್ಸ್ ಅವರದು ಇನ್ನೊಂದು ದಾರಿ: ಗಿಡ್ಡ ಚರ್ಮದ ಜಾಕೆಟ್‌ನ ಕೆಳಗೆ ಉದ್ದನೆಯ ಒಳ ಅಂಗಿ ಇಳಿಬಿಡುವುದು. ಎರಡನ್ನೂ ಒಂದೇ ದಿನ ಧರಿಸಲು ಹೋದರೆ ಎರಡೂ ಕೆಡುತ್ತವೆ.

ನಾನು ಕೋಟ್‌ನಿಂದ ಶುರುಮಾಡುತ್ತೇನೆ. 175 ಸೆಂ.ಮೀ. ಎತ್ತರದವರಿಗೆ ಕತ್ತಿನ ಹಿಂಬದಿಯಿಂದ ಅಂಚಿನವರೆಗೆ 110ರಿಂದ 115 ಸೆಂ.ಮೀ. ಇದ್ದರೆ ಅದು ಮೊಣಕಾಲು ದಾಟುತ್ತದೆ. ಒಳಗಿನ ಶರ್ಟ್ 85, ನಡುವಿನ ಸ್ವೆಟರ್ 65. ಕೋಟ್ ಬಿಚ್ಚಿದಾಗ ಸ್ವೆಟರ್‌ನ ಕೆಳಗೆ ಶರ್ಟ್ 20 ಸೆಂ.ಮೀ. ಕಾಣಬೇಕು. 5 ಸೆಂ.ಮೀ. ಮಾತ್ರ ಕಂಡರೆ ಒಳಗೆ ಸಿಕ್ಕಿಸಲು ಮರೆತಂತಿರುತ್ತದೆ. ಮೆಲ್ಟನ್ ಎಂಬ ದಪ್ಪ, ಒತ್ತಾದ ಉಣ್ಣೆ ಬಟ್ಟೆಯಾದರೆ ಚದರ ಮೀಟರಿಗೆ 600 ಗ್ರಾಂ ಆಸುಪಾಸಿನದು ಆಕಾರ ಹಿಡಿದು ನಿಲ್ಲುತ್ತದೆ. 300 ಗ್ರಾಂ ಒಳಗಿನ ಗ್ಯಾಬರ್ಡಿನ್, ಅಂದರೆ ಓರೆ ಗೆರೆಯ ಬಿಗಿ ನೇಯ್ಗೆಯ ಬಟ್ಟೆ, ನಡೆದಾಗ ಅಲೆಯಾಗಿ ಆಡುತ್ತದೆ. ಅಗಲ ಪ್ಯಾಂಟ್ ಹಾಕುವ ದಿನ ನನಗೆ ಗ್ಯಾಬರ್ಡಿನ್ನೇ ಇಷ್ಟ.

ಹೆಚ್ಚಿನವರು ಎಡವುವುದು ಕಂಕುಳಲ್ಲಿ. ಕೋಟ್ ದೊಡ್ಡದೇ ಇದ್ದರೂ ತೋಳು ಸೇರುವ ಜಾಗ ಕಿರಿದಾಗಿದ್ದರೆ ದಪ್ಪ ಸ್ವೆಟರ್ ಅಲ್ಲಿ ಮುದ್ದೆಯಾಗಿ ಭುಜವೇ ಮೇಲೇರುತ್ತದೆ. ಟೈಲರ್ ಸೊಂಟ, ಉದ್ದ ಸರಿಮಾಡಬಹುದು. ಕಂಕುಳನ್ನು ದೊಡ್ಡದು ಮಾಡುವಷ್ಟು ಬಟ್ಟೆ ಹೊಲಿಗೆಯೊಳಗೆ ಉಳಿದಿರುವುದು ಅಪರೂಪ. ಆದ್ದರಿಂದ ಬೆಚ್ಚಗಿರಲು ಒಂದು ದಪ್ಪ ಸ್ವೆಟರ್‌ಗಿಂತ ಮೈಗಂಟುವ ತೆಳು ಮೆರಿನೊ (ನಯವಾದ ಕುರಿ ಉಣ್ಣೆ), ಅದರ ಮೇಲೆ ಇನ್ನೊಂದು ತೆಳು ಹೆಣಿಗೆ ಹಾಕುತ್ತೇನೆ. ಬೂಟಿನ ಅಡಿ ದಪ್ಪವಿರಲಿ, ಇಲ್ಲದಿದ್ದರೆ ಉದ್ದ ಕೋಟ್‌ನ ಭಾರಕ್ಕೆ ಪಾದ ಚಿಕ್ಕದಾಗಿ ಕಾಣುತ್ತದೆ.

ಮಾಸಿದ ಹತ್ತಿ ಶರ್ಟ್‌ಗಳಿಗೆ ಮನೆಯಲ್ಲೇ ಮತ್ತೆ ಬಣ್ಣ ಹಾಕುತ್ತೇನೆ. 500 ಗ್ರಾಂ ಒಣ ಬಟ್ಟೆಗೆ 10 ಲೀಟರ್ ಉಗುರುಬೆಚ್ಚಗಿನ ನೀರು, 40 ಗ್ರಾಂ ಕಪ್ಪು ರಿಯಾಕ್ಟಿವ್ ಬಣ್ಣ (ಹತ್ತಿಯ ಎಳೆಯೊಂದಿಗೆ ರಾಸಾಯನಿಕವಾಗಿ ಬೆಸೆಯುವ ಬಣ್ಣ), 500 ಗ್ರಾಂ ಉಪ್ಪು. ಬೇರೆ ಬಣ್ಣಗಳ ಅಂದಾಜಲ್ಲಿ ಅರ್ಧ ಹಾಕಿದರೆ ಸಿಗುವುದು ಬೂದು. ಪುಡಿ ಕಲಸುವಾಗ ಮೂಗಿಗೆ ಮಾಸ್ಕ್, ಕೈಗೆ ಗ್ಲವ್ಸ್ ಬೇಕೇ ಬೇಕು. ನೆನೆಸಿದ ಬಟ್ಟೆಯನ್ನು 20 ನಿಮಿಷ ಬಿಡದೆ ಆಡಿಸಿ, ಆಮೇಲೆ 100 ಗ್ರಾಂ ವಾಷಿಂಗ್ ಸೋಡಾವನ್ನು ಬೇರೆ ನೀರಿನಲ್ಲಿ ಕರಗಿಸಿ ಸೇರಿಸಬೇಕು. ಬಟ್ಟೆಯ ಮೇಲೇ ಸುರಿದರೆ ಅಲ್ಲಿ ಕಲೆ ಕೂರುತ್ತದೆ. ಒಂದು ಗಂಟೆ ಆಗಾಗ ಆಡಿಸಿ, ಮೊದಲು ತಣ್ಣೀರಲ್ಲಿ, ನಂತರ ಬಿಸಿನೀರಲ್ಲಿ ಬಣ್ಣ ಬಿಡುವುದು ನಿಲ್ಲುವವರೆಗೆ ಜಾಲಿಸಬೇಕು. ಹೊಲಿಗೆಯ ನೂಲು ಪಾಲಿಯೆಸ್ಟರ್ ಆಗಿದ್ದರೆ ಈ ಬಣ್ಣ ಹಿಡಿಯುವುದಿಲ್ಲ, ಹಳೆಯ ಗೆರೆ ಹಾಗೇ ಕಾಣುತ್ತದೆ. ನನಗೆ ಆ ಗೆರೆ ಇಷ್ಟ. ಉಣ್ಣೆಗೆ ಮಾತ್ರ ಈ ಕ್ರಮ ಬೇಡ, ಸೋಡಾದ ಕ್ಷಾರ ಎಳೆಯನ್ನೇ ಹಾಳುಮಾಡುತ್ತದೆ.

ಉಣ್ಣೆ ಕೋಟ್‌ಗೆ ನೇರವಾಗಿ ಇಸ್ತ್ರಿ ಒತ್ತಿದರೆ ಎಳೆಗಳು ಚಪ್ಪಟೆಯಾಗಿ ಹೊಳಪು ಬರುತ್ತದೆ. ನಡುವೆ ಒದ್ದೆ ಹತ್ತಿ ಬಟ್ಟೆ ಹಾಸಿ, ಉಜ್ಜದೆ ಒತ್ತಿ ಎತ್ತಬೇಕು. ಧರಿಸಿದ ಮೇಲೆ ಮೇಲಿನಿಂದ ಕೆಳಕ್ಕೆ ಬ್ರಷ್ ಎಳೆದು, ಅಗಲ ಹ್ಯಾಂಗರ್‌ಗೆ ಹಾಕಿ ಒಂದು ದಿನ ಬಿಡುತ್ತೇನೆ. ಬ್ಯಾಗಿನ ಪಟ್ಟಿ ತಿಕ್ಕುವ ಭುಜದಲ್ಲೇ ಗುಂಜು, ಅಂದರೆ ಎಳೆಯ ಸಣ್ಣ ಉಂಡೆಗಳು, ಏಳುವುದು, ಅದನ್ನು ಕೀಳದೆ ಕತ್ತರಿಸಿ.

ಚಳಿ ಮುಗಿದ ಮೇಲೆ ನುಸಿಯ ಅನುಮಾನವಿದ್ದರೆ ಸ್ವೆಟರ್‌ಗಳನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ತಕ್ಷಣ ಚೀಲ ಬಿಚ್ಚಬೇಡಿ. ಕೋಣೆಯ ಬಿಸಿಗೆ ಬರುವ ಮುಂಚೆ ಬಿಚ್ಚಿದರೆ ಗಾಳಿಯ ತೇವ ಬಟ್ಟೆಯ ಮೇಲೆ ಇಳಿಯುತ್ತದೆ.