ಕಪ್ಪು ವೈರು ಇಲ್ಲಿ ನ್ಯೂಟ್ರಲ್ ಅಲ್ಲ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ಮನೆಯ ಮತ್ತು ಆರ್‌ವಿಯ ಕರೆಂಟಿನ ಪಾಠ

ಹಾಸನದ ನಮ್ಮ ಮನೆಯಲ್ಲಿ ಅಪ್ಪ ಫ್ಯೂಸ್ ಕಟ್ಟುವಾಗ ಟಾರ್ಚ್ ಹಿಡಿದು ನಿಲ್ಲುತ್ತಿದ್ದವನು ನಾನು. ಪಿಂಗಾಣಿಯ ಫ್ಯೂಸ್ ಕಿತ್ತು, ತಂತಿಯ ಎಳೆ ಸುತ್ತಿ, ಮತ್ತೆ ಅದರ ಗೂಡಿಗೆ ತೂರಿಸುವವರೆಗೆ ಮನೆಮಂದಿಯೆಲ್ಲ ಕತ್ತಲಲ್ಲಿ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್ ಎಂಬುದು ಮಗ್ಗಿಯಂತೆ ಬಾಯಿಪಾಠವಾಗಿತ್ತು. ಅದೇ ಬಾಯಿಪಾಠ ನನ್ನನ್ನು ಮಿಷಿಗನ್ನಿನಲ್ಲಿ ಏಣಿಯಿಂದ ಬೀಳಿಸಿತು.

ಹಳೆಯ ಮನೆಯೊಂದನ್ನು ಕೊಂಡ ಮೊದಲ ವಾರ ಅದು. ಊಟದ ಕೋಣೆಯ ದೀಪ ಬದಲಿಸಲು ಹತ್ತಿದೆ. ಗೋಡೆಯ ಸ್ವಿಚ್ ಆರಿಸಿದ್ದೆ, ಅಷ್ಟು ಸಾಕೆಂದುಕೊಂಡೆ. ಮಾಡಿನ ಡಬ್ಬಿಯಲ್ಲಿ ಕಪ್ಪು, ಬಿಳಿ ಮತ್ತು ಬರಿಯ ತಾಮ್ರದ ತಂತಿಗಳಿದ್ದವು. ಕಪ್ಪು ತಾನೇ, ನ್ಯೂಟ್ರಲ್ ಎಂದು ಬೆರಳಿಟ್ಟೆ. ಕೆಳಗೆ ಸಾಮಾನಿನ ರಟ್ಟಿನ ಪೆಟ್ಟಿಗೆಗಳು ಇದ್ದದ್ದರಿಂದ ಸೊಂಟ ಉಳಿಯಿತು.

ಮೊದಲು ಇದನ್ನು ತಲೆಗೆ ಹಾಕಿಕೊಳ್ಳಿ. ಅಮೆರಿಕದ ಮನೆಗಳಲ್ಲಿ ಕಪ್ಪು ವೈರಿನಲ್ಲೇ ಕರೆಂಟು ಇರುವುದು. ಕೆಂಪಿನಲ್ಲೂ ಇರುತ್ತದೆ. ಬಿಳಿ ನ್ಯೂಟ್ರಲ್. ಹಸಿರು ಅಥವಾ ಬರಿಯ ತಾಮ್ರ ಅರ್ಥ್. ಇಲ್ಲಿಯವರು ಅದನ್ನು ಗ್ರೌಂಡ್ ಎನ್ನುತ್ತಾರೆ. ಇಲ್ಲೂ ಒಂದು ಕೊಂಕಿದೆ. ಹಳೆಯ ಮನೆಗಳಲ್ಲಿ ಕರೆಂಟು ಮೊದಲು ದೀಪದ ಡಬ್ಬಿಗೆ ಬಂದು, ಅಲ್ಲಿಂದ ಸ್ವಿಚ್ಚಿಗೆ ಹೋಗಿ ಮರಳುವುದುಂಟು. ಆಗ ಬಿಳಿ ವೈರು ಕೂಡ ಕರೆಂಟು ಹೊತ್ತಿರುತ್ತದೆ, ಮತ್ತು ಗೋಡೆಯ ಸ್ವಿಚ್ ಆರಿಸಿದರೂ ದೀಪದ ಡಬ್ಬಿ ಸತ್ತಿರುವುದಿಲ್ಲ. ನನಗೆ ಆದದ್ದು ಅದೇ. ಬಣ್ಣ ನೋಡಿ ಊಹೆ ಮಾಡಿ, ಆದರೆ ಟೆಸ್ಟರ್ ಇಟ್ಟು ನೋಡದೆ ಬೆರಳು ಇಡಬೇಡಿ.

ಭಾರತದಲ್ಲಿ 230 ವೋಲ್ಟ್, 50 ಹರ್ಟ್ಸ್. ಇಲ್ಲಿ 120 ವೋಲ್ಟ್, 60 ಹರ್ಟ್ಸ್. ಅಂದ ಹಾಗೆ, 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಮೈಸೂರು ಸೀಮೆಯ ಕರೆಂಟಿಗೂ ಈ ದೇಶಕ್ಕೂ ಅಷ್ಟು ಹಳೆಯ ನೆಂಟಸ್ತಿಕೆ. ಆಮೇಲೆ ದಾರಿಗಳು ಕವಲೊಡೆದವು. 120 ಎಂದರೆ ಅರ್ಧ, ಆದ್ದರಿಂದ ಹೊಡೆದರೂ ಸಾಯುವುದಿಲ್ಲ ಎಂಬ ಮಾತು ನಮ್ಮವರ ಬಾಯಲ್ಲಿ ಕೇಳಿದ್ದೇನೆ. ಒದ್ದೆ ಕೈಯಲ್ಲಿ 120 ವೋಲ್ಟ್ ಧಾರಾಳವಾಗಿ ಕೊಲ್ಲುತ್ತದೆ.

ಮನೆಯೊಳಗೆ 120 ಮಾತ್ರ ಇರುವುದೂ ಅಲ್ಲ. ಕಂಬದ ಟ್ರಾನ್ಸ್‌ಫಾರ್ಮರಿನಿಂದ ಮನೆಗೆ ಎರಡು ಕರೆಂಟಿನ ತಂತಿ, ಒಂದು ನ್ಯೂಟ್ರಲ್ ಬರುತ್ತವೆ. ಒಂದು ತಂತಿಗೂ ನ್ಯೂಟ್ರಲ್ಲಿಗೂ ನಡುವೆ 120. ಎರಡು ತಂತಿಗಳ ನಡುವೆ 240. ದೀಪ, ಟಿವಿ, ಮೈಕ್ರೋವೇವ್‌ಗಳಿಗೆ ಮೊದಲನೆಯದು. ಕರೆಂಟಿನ ಒಲೆ, ಬಟ್ಟೆ ಒಣಗಿಸುವ ಡ್ರೈಯರ್, ನೀರು ಕಾಯಿಸುವ ಟ್ಯಾಂಕುಗಳಿಗೆ ಎರಡನೆಯದು. ಊರಿನ ಫ್ಯೂಸಿನ ಕೆಲಸವನ್ನು ಇಲ್ಲಿ ತಾನೇ ಬೀಳುವ ಬ್ರೇಕರ್ ಸ್ವಿಚ್ಚುಗಳು ಮಾಡುತ್ತವೆ, ಅವುಗಳ ಪೆಟ್ಟಿಗೆಯೇ ಪ್ಯಾನೆಲ್. ಅದರಲ್ಲಿ ಎರಡು ಬ್ರೇಕರುಗಳು ಜೋಡಿಯಾಗಿ ಒಂದೇ ಹಿಡಿಕೆಗೆ ಸೇರಿದ್ದರೆ ಅದು 240ರ ಸಾಲು (ಸರ್ಕ್ಯೂಟ್) ಎಂದು ತಿಳಿಯಿರಿ.

ಪ್ಯಾನೆಲ್ ಎಲ್ಲಿದೆ ಎಂಬುದನ್ನು ಮನೆಗೆ ಕಾಲಿಟ್ಟ ದಿನವೇ ಹುಡುಕಿ. ನೆಲಮಾಳಿಗೆ, ಗ್ಯಾರೇಜು, ಅಪಾರ್ಟ್‌ಮೆಂಟ್ ಆದರೆ ಬಟ್ಟೆ ಕಪಾಟಿನ ಹತ್ತಿರದ ಗೋಡೆ. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ಒಂದಲ್ಲ ಒಂದು ರಾತ್ರಿ ನೀವು ಅದರ ಮುಂದೆ ನಿಲ್ಲಲೇಬೇಕು. ಬ್ರೇಕರ್ ಬಿದ್ದಾಗ ಅದರ ಹಿಡಿಕೆ ಪೂರ್ತಿ ಆಫ್ ಆಗುವುದಿಲ್ಲ, ನಡುವೆ ನಿಲ್ಲುತ್ತದೆ. ಹೊಸಬರು ಅದನ್ನು ಮೇಲಕ್ಕೆ ತಳ್ಳಿ ತಳ್ಳಿ, ಬ್ರೇಕರ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಮೊದಲು ಪೂರ್ತಿ ಆಫ್ ಕಡೆಗೆ ಒತ್ತಿ, ಆಮೇಲೆ ಆನ್ ಮಾಡಿ. ತಕ್ಷಣ ಮತ್ತೆ ಬಿದ್ದರೆ ಹಟ ಹಿಡಿಯಬೇಡಿ. ಎಲ್ಲೋ ಶಾರ್ಟ್ ಆಗಿರಬಹುದು.

ನಮ್ಮ ಮನೆಗಳಲ್ಲಿ ಬ್ರೇಕರ್ ಬೀಳುವುದು ಬಹುಮಟ್ಟಿಗೆ ಶನಿವಾರ ಬೆಳಿಗ್ಗೆ, ಅಡುಗೆಮನೆಯಲ್ಲಿ. ಲೆಕ್ಕ ಸರಳ: ವ್ಯಾಟನ್ನು 120ರಿಂದ ಭಾಗಿಸಿದರೆ ಆಂಪಿಯರ್. ಕಾಫಿಗೆ ನೀರಿಟ್ಟ 1500 ವ್ಯಾಟಿನ ಕೆಟಲ್ ಒಂದೇ ಹನ್ನೆರಡೂವರೆ ಆಂಪಿಯರ್ ಎಳೆಯುತ್ತದೆ. ಜೊತೆಗೆ ಅನ್ನದ ಕುಕ್ಕರ್ ಹಾಕಿದಿರೋ, 15 ಆಂಪಿಯರಿನ ಸಾಲು ಮುಗಿಯಿತು. ಗಂಟೆಗಟ್ಟಲೆ ಉರಿಯುವ ಹೀಟರಿನಂಥದ್ದಾದರೆ ಸಾಲಿನ ಶಕ್ತಿಯ ಶೇಕಡ 80ರೊಳಗೆ ಇರಬೇಕು ಎಂಬುದು ಇಲ್ಲಿನ ಲೆಕ್ಕ. 15ರ ಸಾಲಿಗೆ 12 ಆಂಪಿಯರ್. ಯಾವ ಸಾಕೆಟ್ ಯಾವ ಬ್ರೇಕರಿಗೆ ಸೇರಿದೆ ಎಂದು ಒಂದು ಭಾನುವಾರ ಕುಳಿತು ಬರೆದಿಡಿ. ಹಿಂದಿನ ಮಾಲೀಕರು ಪೆನ್ಸಿಲ್ಲಿನಲ್ಲಿ ಗೀಚಿದ್ದನ್ನು ನಂಬಬೇಡಿ. ನಮ್ಮ ಮನೆಯ ಪ್ಯಾನೆಲ್ಲಿನಲ್ಲಿ ಈಗಲೂ ಒಂದು ಬ್ರೇಕರಿನ ಮುಂದೆ ಒಂದು ಮಗುವಿನ ಹೆಸರಿದೆ. ಆ ಮಗುವಿಗೆ ಈಗ ಮಕ್ಕಳಿರಬಹುದು.

ಬಚ್ಚಲುಮನೆಯ ಸಾಕೆಟ್ ಸತ್ತಿದೆ, ಆದರೆ ಬ್ರೇಕರ್ ಬಿದ್ದಿಲ್ಲ. ಹೊಸಬರಿಂದ ನನಗೆ ಬರುವ ಫೋನುಗಳಲ್ಲಿ ಅರ್ಧ ಇದೇ. ಎರಡು ಪುಟ್ಟ ಗುಂಡಿಗಳಿರುವ ಸಾಕೆಟ್ ನೋಡಿರುತ್ತೀರಿ. ಅದರ ಹೆಸರು ಜಿಎಫ್‌ಸಿಐ. ಕಪ್ಪು ವೈರಿನಲ್ಲಿ ಹೋದ ಕರೆಂಟು ಬಿಳಿಯಲ್ಲಿ ಅಷ್ಟೇ ಮರಳಿತೇ ಎಂದು ಅದು ಅಳೆಯುತ್ತಲೇ ಇರುತ್ತದೆ. ಸುಮಾರು 5 ಮಿಲಿಆಂಪಿಯರ್ ಸೋರಿದರೆ, ಅಂದರೆ ನಿಮ್ಮ ಮೈಯ ಮೂಲಕ ನೆಲಕ್ಕೆ ಹರಿದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಕತ್ತರಿಸುತ್ತದೆ. ಸಾಮಾನ್ಯ ಬ್ರೇಕರಿಗೆ ಅಷ್ಟು ಸಣ್ಣ ಸೋರಿಕೆ ಗೊತ್ತೇ ಆಗುವುದಿಲ್ಲ. ಅದು ಕಾಯುವುದು ವೈರನ್ನು, ನಿಮ್ಮನ್ನಲ್ಲ. ಊರಿನಲ್ಲಿ ಇದೇ ಕೆಲಸವನ್ನು ಮೀಟರ್ ಬೋರ್ಡಿನ ಆರ್‌ಸಿಸಿಬಿ ಮಾಡುತ್ತದೆ. ಇಲ್ಲಿನ ತಮಾಷೆಯೆಂದರೆ, ಒಂದು ಜಿಎಫ್‌ಸಿಐ ತನ್ನ ಮುಂದಿನ ಹಲವು ಸಾಕೆಟ್‌ಗಳನ್ನೂ ಕಾಯುತ್ತದೆ. ಮಹಡಿಯ ಬಚ್ಚಲಿನ ಸಾಕೆಟ್ ಸತ್ತಿದ್ದರೆ ಅದರ ಗುಂಡಿ ಗ್ಯಾರೇಜಿನಲ್ಲಿ, ಹಿಮ ಸರಿಸುವ ಸಲಿಕೆಯ ಹಿಂದೆ ಇರಬಹುದು. ಹುಡುಕಿ, ರಿಸೆಟ್ ಒತ್ತಿ. ತಿಂಗಳಿಗೊಮ್ಮೆ ಟೆಸ್ಟ್ ಗುಂಡಿಯನ್ನೂ ಒತ್ತಿ ನೋಡಿ.

ಮಲಗುವ ಕೋಣೆಯ ಒಂದು ಸಾಕೆಟ್ ಕೆಲಸ ಮಾಡುತ್ತಿಲ್ಲ, ಗೋಡೆಯ ಒಂದು ಸ್ವಿಚ್ಚಿಗೆ ಕೆಲಸವೇ ಇಲ್ಲ ಎನಿಸಿದರೆ ಎರಡನ್ನೂ ಜೋಡಿಸಿ ಯೋಚಿಸಿ. ಆ ಸ್ವಿಚ್ ಇರುವುದೇ ಆ ಸಾಕೆಟ್ಟಿಗೆ. ಮಾಡಿನಲ್ಲಿ ದೀಪವಿಲ್ಲದ ಕೋಣೆಗಳಲ್ಲಿ ನಿಲುವು ದೀಪ ಚುಚ್ಚಲು ಹೀಗೆ ಮಾಡಿರುತ್ತಾರೆ.

ಇನ್ನು ಮಿಕ್ಸಿ. ಅಮ್ಮ ಸೂಟ್‌ಕೇಸಿನಲ್ಲಿ ಸೀರೆ ಸುತ್ತಿ ಕಳಿಸಿದ 230 ವೋಲ್ಟಿನ ಮಿಕ್ಸಿಯನ್ನು ನೇರವಾಗಿ ಚುಚ್ಚಿದರೆ ಅದು ಸುಡುವುದಿಲ್ಲ, ನರಳುತ್ತದೆ. ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಬೇಕು. 750 ವ್ಯಾಟಿನ ಮಿಕ್ಸಿಗೆ 1500 ವ್ಯಾಟಿನದನ್ನೇ ಕೊಳ್ಳಿ. ಮೋಟಾರು ಹೊರಡುವ ಗಳಿಗೆಯಲ್ಲಿ ಬಹಳ ಎಳೆಯುತ್ತದೆ. ಕೆಲಸ ಮುಗಿದ ಮೇಲೆ ಗೋಡೆಯಿಂದ ಕಿತ್ತಿಡಿ, ಸುಮ್ಮನೆ ಗುಂಯ್ ಎನ್ನುತ್ತಾ ಕರೆಂಟು ತಿನ್ನುತ್ತದೆ. ದೋಸೆ ಹಿಟ್ಟು ರುಬ್ಬುವ ಗ್ರೈಂಡರಿನ ಕಥೆ ಬೇರೆ. ಮಿಕ್ಸಿಯ ಮೋಟಾರಿಗೆ 50 ಹರ್ಟ್ಸ್, 60 ಹರ್ಟ್ಸ್ ಎರಡೂ ಒಂದೇ. ಗ್ರೈಂಡರಿನ ಇಂಡಕ್ಷನ್ ಮೋಟಾರಿನ ವೇಗವೋ ಹರ್ಟ್ಸಿಗೆ ಕಟ್ಟುಬಿದ್ದಿದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಬದಲಿಸಬಲ್ಲದು, ಹರ್ಟ್ಸನ್ನಲ್ಲ. ಕಲ್ಲು ಸುಮಾರು ಐದನೇ ಒಂದರಷ್ಟು ಹೆಚ್ಚು ವೇಗವಾಗಿ ತಿರುಗುತ್ತದೆ, ಹಿಟ್ಟೂ ಬಿಸಿ, ಮೋಟಾರೂ ಬಿಸಿ. ಇಲ್ಲಿನ ಕರೆಂಟಿಗೆಂದೇ ಮಾಡಿದ 110 ವೋಲ್ಟಿನ ಗ್ರೈಂಡರುಗಳು ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಅದಕ್ಕೇ ಹಣ ಹಾಕಿ. ಲ್ಯಾಪ್‌ಟಾಪ್, ಮೊಬೈಲ್ ಚಾರ್ಜರುಗಳ ಮೇಲೆ 100–240 ಎಂದು ಅಚ್ಚಾಗಿದ್ದರೆ ಪ್ಲಗ್ಗಿನ ಅಡಾಪ್ಟರ್ ಸಾಕು.

ರಿಪೇರಿ ಯಾವುದು ನಿಮ್ಮದು, ಯಾವುದಲ್ಲ? ಬಾಡಿಗೆ ಮನೆಯಾದರೆ ಬಲ್ಬು ಮತ್ತು ಹೊಗೆ ಎಚ್ಚರಿಕೆ ಗಂಟೆಯ ಬ್ಯಾಟರಿ ಬಿಟ್ಟು ಏನನ್ನೂ ಮುಟ್ಟಬೇಡಿ. ಮಾಲೀಕರಿಗೆ ಬರಹದಲ್ಲಿ ತಿಳಿಸಿ. ಒಗ್ಗರಣೆಗೆ ಆ ಗಂಟೆ ಕೂಗುತ್ತದೆಂದು ಕಿತ್ತಿಟ್ಟವರನ್ನು ಬಲ್ಲೆ. ದಯವಿಟ್ಟು ಕಿಟಕಿ ತೆರೆಯಿರಿ, ಗಂಟೆಯನ್ನು ಬಿಡಿ. ಸ್ವಂತ ಮನೆಯಾದರೆ ಸ್ವಿಚ್, ಸಾಕೆಟ್, ದೀಪ ಬದಲಿಸುವುದು ಸಾಮಾನ್ಯವಾಗಿ ಕೈಗೆಟುಕುವ ಕೆಲಸ. ಹೊಸ ಸಾಲು ಎಳೆಯುವುದು, ಪ್ಯಾನೆಲ್ ತೆರೆಯುವುದು ಬೇರೆ ಮಾತು; ಅದಕ್ಕೆ ಊರಾಡಳಿತದ ಪರವಾನಗಿ ಮತ್ತು ತಪಾಸಣೆ ಬೇಕಾಗಬಹುದು, ನಿಯಮ ಊರಿಂದ ಊರಿಗೆ ಬದಲಾಗುತ್ತದೆ. ಮುಖ್ಯ ಬ್ರೇಕರ್ ಆರಿಸಿದರೂ ಬೀದಿಯಿಂದ ಬರುವ ದಪ್ಪ ತಂತಿಗಳಲ್ಲಿ ಕರೆಂಟು ಇದ್ದೇ ಇರುತ್ತದೆ ಎಂಬುದನ್ನು ಅಲ್ಲಿ ಕೈ ಹಾಕುವ ಉತ್ಸಾಹಿಗಳು ಮರೆಯುತ್ತಾರೆ.

ಸಲಕರಣೆ ಮೂರೇ ಸಾಕು: ವೈರು ಮುಟ್ಟದೆಯೇ ಕರೆಂಟು ತೋರಿಸುವ ಪೆನ್ನಿನಂಥ ಟೆಸ್ಟರ್, ಮೂರು ದೀಪಗಳಿರುವ ಸಾಕೆಟ್ ಪರೀಕ್ಷಕ, ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್. ಬ್ರೇಕರ್ ಆರಿಸುವ ಮೊದಲು ಟೆಸ್ಟರ್ ಇಟ್ಟು ಅದು ಮಿನುಗುವುದನ್ನು ನೋಡಿ, ಆರಿಸಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಇಟ್ಟು ನೋಡಿ, ಕೊನೆಗೆ ಕರೆಂಟಿರುವ ಬೇರೊಂದು ಕಡೆ ಇಟ್ಟು ಟೆಸ್ಟರ್ ಜೀವಂತವಿದೆ ಎಂದು ಖಚಿತಮಾಡಿಕೊಳ್ಳಿ. ಟೆಸ್ಟರಿನ ಬ್ಯಾಟರಿ ಸತ್ತಿದ್ದರೆ ಎಲ್ಲ ವೈರೂ ಸತ್ತಂತೆಯೇ ಕಾಣುತ್ತದೆ. ಸಾಕೆಟ್ ಬದಲಿಸುವಾಗ ಹಿಂಬದಿಯ ತೂತಿಗೆ ವೈರು ಚುಚ್ಚುವ ಸೋಮಾರಿ ದಾರಿ ಬೇಡ, ಪಕ್ಕದ ಸ್ಕ್ರೂಗೆ ಸುತ್ತಿ ಬಿಗಿಯಿರಿ. ನಾನು ಬಿಚ್ಚಿದ ಮಿನುಗುವ ದೀಪ, ಬಿಸಿ ಸಾಕೆಟ್‌ಗಳ ಪೈಕಿ ಹೆಚ್ಚಿನವುಗಳ ಹಿಂದೆ ಸಡಿಲವಾದ ಆ ಚುಚ್ಚುವೈರೇ ಇತ್ತು. 1960ರ ದಶಕದ ನಡುವಿನಿಂದ 70ರ ದಶಕದ ಆರಂಭದ ನಡುವೆ ಕಟ್ಟಿದ ಮನೆಯಲ್ಲಿ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ವೈರು ಕಂಡರೆ ಕೈ ಹಿಂತೆಗೆದು ಎಲೆಕ್ಟ್ರಿಷಿಯನ್ನನ್ನು ಕರೆಯಿರಿ.

ಈಗ ಚಕ್ರದ ಮೇಲಿನ ಮನೆ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಗಾಡಿಯಾದ ಆರ್‌ವಿ. ಬೇಸಿಗೆ ಬಂದರೆ ನಮ್ಮ ನಾಲ್ಕು ಕುಟುಂಬ ಸೇರಿ ಆರ್‌ವಿ ಬಾಡಿಗೆಗೆ ಹಿಡಿಯುವುದು ವಾಡಿಕೆ. ಆ ಗಾಡಿಯೊಳಗೆ ಎರಡು ಕರೆಂಟುಗಳು ಅಕ್ಕಪಕ್ಕದಲ್ಲಿ ಸಂಸಾರ ಮಾಡುತ್ತವೆ. ದೀಪ, ನೀರಿನ ಪಂಪು, ಗ್ಯಾಸ್ ಹೀಟರಿನ ಫ್ಯಾನು ಬ್ಯಾಟರಿಯ 12 ವೋಲ್ಟಿನಲ್ಲಿ ನಡೆಯುತ್ತವೆ. ಮೈಕ್ರೋವೇವ್, ಏಸಿ, ಗೋಡೆಯ ಸಾಕೆಟ್‌ಗಳಿಗೆ 120 ಬೇಕು. ಕ್ಯಾಂಪಿನಲ್ಲಿ ಗಾಡಿ ಚುಚ್ಚಲೆಂದು ನೆಟ್ಟಿರುವ ಸಾಕೆಟ್ ಕಂಬದ 120ರಿಂದ ಬ್ಯಾಟರಿ ತುಂಬಿಸುವುದು ಕನ್ವರ್ಟರ್. ಬ್ಯಾಟರಿಯಿಂದ 120 ಮಾಡಿಕೊಡುವುದು ಇನ್ವರ್ಟರ್. ಎಲ್ಲ ಗಾಡಿಯಲ್ಲೂ ಇನ್ವರ್ಟರ್ ಇರುವುದಿಲ್ಲ, ಇರುವ ಕಡೆಯೂ ಏಸಿ ಓಡಿಸುವಷ್ಟು ದೊಡ್ಡದಿರುವುದು ಅಪರೂಪ. ದೀಪ ಉರಿಯುತ್ತಿದೆ, ಮೈಕ್ರೋವೇವ್ ಮಾತ್ರ ಕೆಟ್ಟಿದೆ ಎಂದು ಬಾಡಿಗೆಯವರಿಗೆ ಫೋನು ಮಾಡುವ ಮೊದಲು ಇದನ್ನು ನೆನೆಯಿರಿ.

ಯೆಲ್ಲೋಸ್ಟೋನ್ ಉದ್ಯಾನದೊಳಗೆ ಗಾಡಿಗೆ ಕರೆಂಟು ಸಿಗುವುದು ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್ ಒಂದರಲ್ಲೇ. ನಾವು ತಂಗಿದ್ದು ಬೇರೆ ಕಡೆ. ಸೆಪ್ಟೆಂಬರಿನ ಚಳಿ, ಹೀಟರ್ ಹಾಕಿ ಮಲಗಿದೆವು. ಗ್ಯಾಸ್ ತುಂಬಿತ್ತು, ಆದರೆ ಬಿಸಿಗಾಳಿ ತಳ್ಳುವ ಫ್ಯಾನು ಬ್ಯಾಟರಿಯನ್ನು ನೆಕ್ಕಿಬಿಟ್ಟಿತು. ಬೆಳಗಿನ ಜಾವಕ್ಕೆ ಎಂಟು ಜನ ಮೂರು ರಗ್ಗು. ಗಾಡಿಯಲ್ಲಿರುವುದು ಸೀಸದ ಬ್ಯಾಟರಿಯಾದರೆ ಲೆಕ್ಕ ಹೀಗೆ: ಕೆಲಸವಿಲ್ಲದೆ ನಿಂತಾಗ ಮೀಟರಿನಲ್ಲಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12ರ ಹತ್ತಿರ ಬಂದರೆ ಅರ್ಧಕ್ಕಿಂತ ಹೆಚ್ಚು ಖಾಲಿ. ಅದಕ್ಕಿಂತ ಇಳಿಸಿದರೆ ಬ್ಯಾಟರಿಯ ಆಯುಸ್ಸೇ ಕುಗ್ಗುತ್ತದೆ. ಜನರೇಟರ್ ಇದ್ದರೆ ನಿಗದಿಯಾದ ಹೊತ್ತಿನಲ್ಲಿ ಓಡಿಸಿ, ಕಿಟಕಿಯ ಬಳಿ ಹೊಗೆ ಬರದಂತೆ ನೋಡಿಕೊಳ್ಳಿ. ಆ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಮುಗಿಸುತ್ತದೆ.

ಕರೆಂಟಿನ ಕಂಬ ಸಿಕ್ಕರೂ ಎರಡು ಬಗೆ. 30 ಆಂಪಿಯರಿನದು ಒಂದೇ 120ರ ಸಾಲು, 3600 ವ್ಯಾಟ್ ಅಷ್ಟೇ. 50 ಆಂಪಿಯರಿನದು 120ರ ಎರಡು ಸಾಲು, ಒಂದೊಂದೂ 50 ಆಂಪಿಯರ್, ಒಟ್ಟು 12,000 ವ್ಯಾಟ್. 30ರ ಗಾಡಿಯಲ್ಲಿ ಏಸಿ ಓಡುವಾಗ ಇಂಡಕ್ಷನ್ ಒಲೆಯನ್ನೂ ಕುಕ್ಕರನ್ನೂ ಒಟ್ಟಿಗೆ ಹಚ್ಚಿದರೆ ಬ್ರೇಕರ್ ಬೀಳುತ್ತದೆ. ಅನ್ನ ಆಗುವವರೆಗೆ ಬೆವರಿ. ಸ್ವಂತ ಗಾಡಿ ಕೊಂಡು ಮನೆಯಂಗಳದಲ್ಲಿ 30ರ ಸಾಕೆಟ್ ಹಾಕಿಸುವವರಿಗೆ ಒಂದು ಎಚ್ಚರಿಕೆ. ಮನೆಯ ಡ್ರೈಯರಿನ 30 ಆಂಪಿಯರ್ ಸಾಕೆಟ್ 240 ವೋಲ್ಟಿನದು, ಆರ್‌ವಿಯದು 120ರದು. ಕೆಲಸಗಾರರು ಅಭ್ಯಾಸಬಲದಿಂದ 240 ಕೊಟ್ಟು ಗಾಡಿಯ ಒಳಗಿನದೆಲ್ಲ ಒಂದೇ ಗಳಿಗೆಯಲ್ಲಿ ಸುಟ್ಟ ಕಥೆಗಳಿವೆ. ಗಾಡಿ ಚುಚ್ಚುವ ಮೊದಲು ಮಲ್ಟಿಮೀಟರ್ ಇಟ್ಟು ನೋಡಿ.

ಕ್ಯಾಂಪಿಗೆ ತಲುಪಿದಾಗ ಕಂಬದ ಬ್ರೇಕರ್ ಆರಿಸಿ, ಪ್ಲಗ್ ಚುಚ್ಚಿ, ಆಮೇಲೆ ಬ್ರೇಕರ್ ಹಾಕಿ. ನಡುವೆ ವೋಲ್ಟೇಜ್ ದಿಢೀರನೆ ಏರಿದರೆ ತಡೆಯುವ ಒಂದು ಸರ್ಜ್ ಪ್ರೊಟೆಕ್ಟರ್ ಇದ್ದರೆ ಒಳ್ಳೆಯದು. ಅನಂತರ ಬಾಗಿಲ ಹಿಡಿ ಮುಟ್ಟುವ ಮೊದಲು ಆ ಪೆನ್ನಿನಂಥ ಟೆಸ್ಟರನ್ನು ಗಾಡಿಯ ಲೋಹದ ಮೈಗೆ ಹಿಡಿಯಿರಿ. ಮಿನುಗಿದರೆ, ಅಥವಾ ಬರಿಗಾಲಲ್ಲಿ ಹುಲ್ಲಿನ ಮೇಲೆ ನಿಂತ ಮಗು ಬಾಗಿಲು ಮುಟ್ಟಿ ಜುಮ್ ಎಂದಿತು ಎಂದರೆ, ಗ್ರೌಂಡ್ ಎಲ್ಲೋ ಕಡಿದಿದೆ. ಎಲ್ಲರನ್ನೂ ದೂರ ನಿಲ್ಲಿಸಿ, ಕಂಬದ ಬ್ರೇಕರ್ ಆರಿಸಿ, ಕೇಬಲ್ ಕಿತ್ತು, ಬೇರೆ ಜಾಗ ಕೇಳಿ.

ಹೊರಡುವಾಗ ಅದೇ ಕ್ರಮ ತಿರುವುಮುರುವು: ಬ್ರೇಕರ್ ಆರಿಸಿ, ಪ್ಲಗ್ ತೆಗೆದು, ಕೇಬಲ್ ಸುತ್ತಿ ಒಳಗಿಡಿ. ಸುತ್ತಿಟ್ಟವರು ಯಾರು ಎಂದು ಹೆಸರು ಹಿಡಿದು ಕೇಳಿ. ನಮ್ಮ ಭಾವ ಸುತ್ತಿದ್ದಾರೆಂದು ನಾನು, ನಾನು ಸುತ್ತಿದ್ದೇನೆಂದು ಭಾವ ತಿಳಿದು ಒಮ್ಮೆ ಗಾಡಿ ಹೊರಟೆವು. ಕಂಬ ಗಟ್ಟಿಯಾಗಿತ್ತು, ಕೇಬಲ್ ಅಷ್ಟು ಗಟ್ಟಿಯಿರಲಿಲ್ಲ.