ಮೊಣಕೈ ಮಡಚಿದಾಗ, ಮುಖ ಅರಳಿದಾಗ: ತ್ರೀಡಿ ಪಾತ್ರದ ಮೈಯನ್ನು ಸರಿಯಾಗಿ ಬಾಗಿಸುವ ಕ್ರಮ

ಕಂಪ್ಯೂಟರಿನಲ್ಲಿ ರೂಪಿಸಿದ ಪಾತ್ರವೊಂದು ನಿಂತ ಭಂಗಿಯಲ್ಲಿ ಎಷ್ಟೇ ಚೆಂದ ಕಂಡರೂ, ಕೈ ಮಡಚಿದೊಡನೆ ಅದರ ಮೊಣಕೈ ನೀರಿನ ಪೈಪು ಮುರಿದಂತೆ ಚಪ್ಪಟೆಯಾದರೆ ನೋಡುಗರ ನಂಬಿಕೆ ಅಲ್ಲಿಗೇ ಕಳಚಿಬೀಳುತ್ತದೆ. ಬ್ಲೆಂಡರ್ ತಂತ್ರಾಂಶವನ್ನು ಎದುರಿಗಿಟ್ಟುಕೊಂಡು ಇದನ್ನು ತಪ್ಪಿಸುವ ಬಗೆಯನ್ನು ಇಲ್ಲಿ ವಿವರಿಸುತ್ತೇನೆ. ಮೆಶ್ (ಪಾತ್ರದ ಮೈಯನ್ನು ರೂಪಿಸುವ ಬಿಂದು-ಗೆರೆಗಳ ಬಲೆ), ಮೂಳೆ (ಆ ಬಲೆಯನ್ನು ಚಲಿಸುವ ಒಳಹಂದರದ ತುಂಡು), ವೆಯ್ಟ್ (ಒಂದೊಂದು ಬಿಂದುವಿನ ಮೇಲೆ ಮೂಳೆಗಿರುವ ಹಿಡಿತದ ಪಾಲು), ಸಹಾಯಕ ಮೂಳೆ, ಕಡೆಯದಾಗಿ ತಿದ್ದುವ ಶೇಪ್ ಕೀ (ಬಿಂದುಗಳನ್ನು ಸರಿಸಿ ಉಳಿಸಿಟ್ಟ ಬದಲಿ ಆಕಾರ) ಎಂಬ ಅನುಕ್ರಮವನ್ನು ಬಿಡಬಾರದು. ಒಂದು ಹಂತದ ದೋಷವನ್ನು ಮುಂದಿನ ಹಂತದಲ್ಲಿ ಮುಚ್ಚಹೊರಟರೆ ಕೆಲಸ ಇಮ್ಮಡಿಯಾಗುತ್ತದೆ.

ಮೊದಲು ಮೆಶ್. ಮೊಣಕೈ, ಮಂಡಿ, ಬೆರಳಿನ ಗೆಣ್ಣುಗಳಲ್ಲಿ ಕನಿಷ್ಠ ಮೂರು ಎಡ್ಜ್ ಲೂಪುಗಳಿರಲಿ, ಅಂದರೆ ಅಂಗವನ್ನು ಸುತ್ತುವ ಗೆರೆಗಳ ಸಾಲುಗಳಿರಲಿ. ಮಡಿಕೆ ಬೀಳುವ ಒಳಬದಿಯಲ್ಲಿ ಅವು ಹತ್ತಿರ ಹತ್ತಿರವಾಗಿ, ಚರ್ಮ ಹಿಗ್ಗುವ ಹೊರಬದಿಯಲ್ಲಿ ಅಗಲವಾಗಿ ಹರಡಿರಲಿ. ಕಣ್ಣು ಮತ್ತು ಬಾಯಿಯ ಸುತ್ತ ಲೂಪುಗಳು ಉಂಗುರಗಳಂತೆ ಸುತ್ತುವರಿಯಬೇಕು, ಏಕೆಂದರೆ ಅಲ್ಲಿನ ಸ್ನಾಯುಗಳೂ ಹಾಗೆಯೇ ಸುತ್ತಿಕೊಂಡಿವೆ. ಒಂದು ಬದಿಯನ್ನು ಇನ್ನೊಂದಕ್ಕೆ ಪ್ರತಿಬಿಂಬಿಸುವ ಮಿರರ್ ಮಾಡಿಫೈಯರನ್ನು ಈ ಹಂತದಲ್ಲಿಯೇ ಅಪ್ಲೈ ಮಾಡಿ, ಅಂದರೆ ಮೆಶ್‌ನಲ್ಲಿ ಕಾಯಂಗೊಳಿಸಿಬಿಡಿ. ಶೇಪ್ ಕೀಗಳು ಸೇರಿದ ಮೇಲೆ ಬ್ಲೆಂಡರ್ ಅದಕ್ಕೆ ಒಪ್ಪುವುದಿಲ್ಲ.

ಮೂಳೆಗಳನ್ನು ಕೂರಿಸುವಾಗ ನಿಮ್ಮ ಮೈಯನ್ನೇ ಮುಟ್ಟಿ ನೋಡಿಕೊಳ್ಳುವುದು ಒಳ್ಳೆಯದು. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ದವಡೆಯ ಕೀಲು ಎಲ್ಲಿದೆಯೆಂಬುದು ಕೈಗೇ ತಿಳಿಯುತ್ತದೆ. ದವಡೆ ಮೂಳೆಯ ಬುಡವನ್ನು ಅಲ್ಲಿಯೇ ಇಡಬೇಕು. ಮೊಣಕೈಯ ಕೀಲನ್ನು ತೋಳಿನ ನಟ್ಟನಡುವೆ ಇಡದೆ, ಸ್ವಲ್ಪ ಹಿಂದಕ್ಕೆ ಗಂಟಿನ ಕಡೆಗೆ ಸರಿಸಿ.

ಈಗ ವೆಯ್ಟ್. ಬ್ಲೆಂಡರ್ ತಾನೇ ಲೆಕ್ಕಹಾಕುವ ಆಟೋಮ್ಯಾಟಿಕ್ ವೆಯ್ಟ್ಸ್ ಕೊಡುವ ಹಂಚಿಕೆ ಆರಂಭಕ್ಕೆ ಸಾಕು, ಮುಕ್ತಾಯಕ್ಕೆ ಸಾಲದು. ವೆಯ್ಟನ್ನು ಬಣ್ಣದಂತೆ ಹಚ್ಚುವ ಬ್ರಷ್ ಹಿಡಿಯುವ ಮೊದಲೇ ಒಂದು ಪರೀಕ್ಷಾ ಅನಿಮೇಶನ್ ಮಾಡಿಟ್ಟುಕೊಳ್ಳಿ: ಪ್ರತಿ ಕೀಲೂ ತನ್ನ ಮಿತಿಯವರೆಗೆ ಮಡಚಿ, ತಿರುಗಿ, ಮತ್ತೆ ಮೊದಲಿನ ಸ್ಥಿತಿಗೆ ಬರಲಿ. ಬಳಿಕ ಟೈಮ್‌ಲೈನನ್ನು ಹಿಂದೆ ಮುಂದೆ ಎಳೆಯುತ್ತಾ ಬಣ್ಣ ಹಚ್ಚಿದರೆ ತಪ್ಪು ಆಗಿಂದಾಗಲೇ ಕಣ್ಣಿಗೆ ಬೀಳುತ್ತದೆ. ನೀಲಿಯೆಂದರೆ ವೆಯ್ಟ್ ಸೊನ್ನೆ, ಕೆಂಪೆಂದರೆ ಒಂದು. ಒಂದು ಬಿಂದುವಿನ ಪಾಲುಗಳ ಮೊತ್ತವನ್ನು ಒಂದಕ್ಕೇ ಹಿಡಿದಿಡುವ ಆಟೋ ನಾರ್ಮಲೈಸ್ ಸದಾ ಆನ್ ಆಗಿರಲಿ. ಇಲ್ಲವಾದರೆ ಒಂದು ಬಿಂದುವಿನ ಮೇಲೆ ಯಾವ ಮೂಳೆಗೆ ಎಷ್ಟು ಪಾಲಿದೆಯೆಂಬ ಲೆಕ್ಕ ನಿಮ್ಮ ಕೈತಪ್ಪುತ್ತದೆ. ಒಂದೊಂದು ಭಾಗವನ್ನೂ ಮೊದಲು ಒಂದೇ ಮೂಳೆಗೆ ಪೂರ್ತಿ ಒಪ್ಪಿಸಿ, ಆಮೇಲೆ ಗಡಿಯನ್ನು ಮಾತ್ರ ನಯಗೊಳಿಸುವ ವಿಧಾನವೇ ನನಗೆ ಹೆಚ್ಚು ನಂಬಿಕೆಯದು.

ವೆಯ್ಟ್ ಎಷ್ಟೇ ಚೆನ್ನಾಗಿದ್ದರೂ ಉಳಿದುಬಿಡುವ ಒಂದು ದೋಷವಿದೆ, ಅದರ ಕಾರಣವನ್ನು ತಿಳಿದಿರಬೇಕು. ಸಾಮಾನ್ಯ ಸ್ಕಿನ್ನಿಂಗ್ (ಮೂಳೆಗಳ ಜೊತೆ ಮೈಯನ್ನು ಚಲಿಸುವ ಲೆಕ್ಕ) ಎರಡು ಮೂಳೆಗಳು ಸೂಚಿಸುವ ಸ್ಥಾನಗಳ ಸರಾಸರಿಯನ್ನು ನೇರ ಗೆರೆಯಲ್ಲಿ ತೆಗೆಯುತ್ತದೆ. ಆದ್ದರಿಂದ ಎರಡೂ ಮೂಳೆಗಳಿಗೆ ಅರ್ಧರ್ಧ ಸೇರಿದ ಭಾಗ 90 ಡಿಗ್ರಿ ತಿರುಚಿದಾಗ ಮೂಲ ದಪ್ಪದ ಸುಮಾರು 71 ಶೇಕಡಕ್ಕೆ ಇಳಿಯುತ್ತದೆ, 120 ಡಿಗ್ರಿಯಲ್ಲಿ ಅರ್ಧವಾಗುತ್ತದೆ, 180 ಡಿಗ್ರಿಯಲ್ಲಿ ಪೆಪ್ಪರ್‌ಮೆಂಟ್ ಕಾಗದದ ತುದಿ ತಿರುಚಿದಂತೆ ಒಂದು ಬಿಂದುವಾಗಿ ಕುಗ್ಗುತ್ತದೆ. ಮೈಯನ್ನು ಮೂಳೆಗಳಿಗೆ ಬೆಸೆಯುವ ಆರ್ಮೇಚರ್ ಮಾಡಿಫೈಯರಿನ ಪ್ರಿಸರ್ವ್ ವಾಲ್ಯೂಮ್ ಆಯ್ಕೆ, ತಿರುವುಗಳನ್ನು ತಿರುವಾಗಿಯೇ ಬೆರೆಸುವ ಡ್ಯೂಯಲ್ ಕ್ವಾಟರ್ನಿಯನ್ ಎಂಬ ಗಣಿತ ವಿಧಾನವನ್ನು ಬಳಸಿ ಈ ಕುಗ್ಗುವಿಕೆಯನ್ನು ತಡೆಯುತ್ತದೆಯಾದರೂ, ಮಡಚಿದ ಕೀಲಿನ ಹೊರಬದಿಯಲ್ಲಿ ಅನಗತ್ಯ ಉಬ್ಬನ್ನು ತರುತ್ತದೆ.

ಮುಂಗೈಗೆ ಇದಕ್ಕಿಂತ ಉತ್ತಮ ದಾರಿಯನ್ನು ನಮ್ಮ ಶರೀರವೇ ತೋರಿಸುತ್ತದೆ. ಅಂಗೈಯನ್ನು ಮೇಲಿಂದ ಕೆಳಕ್ಕೆ ತಿರುಗಿಸಿದಾಗ ತಿರುವು ಮಣಿಕಟ್ಟೊಂದರಲ್ಲೇ ನಡೆಯುವುದಿಲ್ಲ; ಮುಂಗೈಯ ಎರಡು ಮೂಳೆಗಳಲ್ಲಿ ಒಂದು ಮತ್ತೊಂದರ ಮೇಲೆ ಅಡ್ಡ ಹಾಯುವುದರಿಂದ ಅದು ಉದ್ದಕ್ಕೂ ಹಂಚಿಹೋಗುತ್ತದೆ. ಅಂತೆಯೇ ಮುಂಗೈಯಲ್ಲಿ ಎರಡು ಮೂರು ಟ್ವಿಸ್ಟ್ ಮೂಳೆಗಳನ್ನು (ಮೊದಲು ಹೇಳಿದ ಸಹಾಯಕ ಮೂಳೆಗಳು ಇವೇ) ಸಾಲಾಗಿ ಇಟ್ಟು, ಒಂದು ಮೂಳೆಯ ತಿರುವನ್ನು ಇನ್ನೊಂದಕ್ಕೆ ನಕಲಿಸುವ ಕಾಪಿ ರೊಟೇಶನ್ ಕನ್‌ಸ್ಟ್ರೈಂಟ್ ಮೂಲಕ ಮಣಿಕಟ್ಟಿನ ತಿರುವನ್ನು ಹಂತಹಂತವಾಗಿ ಹಂಚಿ. ಭುಜದ ವಿಷಯವೂ ಹೀಗೆಯೇ. ತೋಳನ್ನು ಪಕ್ಕದಿಂದ ನೆತ್ತಿಯವರೆಗೆ ಎತ್ತುವ 180 ಡಿಗ್ರಿಯಲ್ಲಿ ಸುಮಾರು 120 ಭುಜದ ಕೀಲಿನದು, ಉಳಿದ 60 ಹೆಗಲ ಹಲಗೆಯದು. ತೋಳಿನ ಮೂಳೆಯೊಂದನ್ನೇ ತಿರುಗಿಸಿ ಕಂಕುಳು ಹರಿದಂತೆ ಕಂಡರೆ ವೆಯ್ಟನ್ನು ದೂರಬೇಡಿ, ಹೆಗಲ ಮೂಳೆಯನ್ನೂ ಜೊತೆಗೆ ಎತ್ತಿ.

ಇಷ್ಟಾದ ಮೇಲೂ ಉಳಿದ ಕೊರತೆಗೆ ಮಾತ್ರ ತಿದ್ದುವ ಶೇಪ್ ಕೀ. ಪಾತ್ರವನ್ನು ದೋಷ ಕಾಣುವ ಭಂಗಿಯಲ್ಲಿ ನಿಲ್ಲಿಸಿ, ಅಲ್ಲಿಯೇ ಮೈಯನ್ನು ಕೆತ್ತಿ, ಆ ಶೇಪ್ ಕೀಯ ಮೌಲ್ಯವನ್ನು ಡ್ರೈವರ್ (ಒಂದು ಮೌಲ್ಯಕ್ಕೆ ತಕ್ಕಂತೆ ಇನ್ನೊಂದನ್ನು ಬದಲಿಸುವ ಸೂತ್ರ) ಮೂಲಕ ಮೂಳೆಯ ಕೋನಕ್ಕೆ ಬೆಸೆಯಬೇಕು. ಕೈ ಮಡಚಿದಷ್ಟೂ ತಿದ್ದುಪಡಿ ತಾನಾಗಿಯೇ ಮೂಡುತ್ತದೆ. ಭಂಗಿಗೆ ತಕ್ಕಂತೆ ಆಕಾರವನ್ನು ತಿದ್ದುವ ಈ ವಿಧಾನವನ್ನು ಲೂಯಿಸ್, ಕಾರ್ಡ್ನರ್ ಮತ್ತು ಫಾಂಗ್ 2000ದಲ್ಲಿ ಪ್ರಕಟಿಸಿದರು. ಸಣ್ಣಪುಟ್ಟ ಸುಕ್ಕುಗಳಿಗೆ ಕರೆಕ್ಟಿವ್ ಸ್ಮೂತ್ ಮಾಡಿಫೈಯರ್ ಸಾಕಾಗುತ್ತದೆ.

ಮುಖದಲ್ಲಿ ಮೂಳೆಗಿಂತ ಶೇಪ್ ಕೀಗೆ ಹೆಚ್ಚು ಕೆಲಸ. ಹೊಸಬರು ಸಂತೋಷ, ದುಃಖ, ಕೋಪ ಎಂದು ಭಾವಕ್ಕೊಂದು ಶೇಪ್ ಕೆತ್ತಿಬಿಡುತ್ತಾರೆ. ಎರಡು ಭಾವ ಬೆರೆತಾಗ ಮುಖ ಕಲಸಿಹೋಗುತ್ತದೆ. ಭಾವವನ್ನಲ್ಲ, ಸ್ನಾಯುವಿನ ಕ್ರಿಯೆಯನ್ನು ಕೆತ್ತಿ. ಮನಶ್ಶಾಸ್ತ್ರಜ್ಞರಾದ ಎಕ್‌ಮನ್ ಮತ್ತು ಫ್ರೀಸನ್ 1978ರಲ್ಲಿ ಪ್ರಕಟಿಸಿದ ಮುಖಕ್ರಿಯೆಗಳ ಸಂಕೇತ ಪದ್ಧತಿ ಇದಕ್ಕೆ ಒಳ್ಳೆಯ ಆಧಾರ. ಅದರಲ್ಲಿ 12ನೆಯದು ಬಾಯಿಯ ಮೂಲೆಯನ್ನು ಮೇಲಕ್ಕೆಳೆಯುವ ಕ್ರಿಯೆ, 6ನೆಯದು ಕೆನ್ನೆಯನ್ನು ಎತ್ತುವ ಕ್ರಿಯೆ. ಎರಡೂ ಸೇರಿದರೆ ಕಣ್ಣಿಗೂ ಹಬ್ಬಿದ ನಗು, 12ನೆಯದು ಒಂದೇ ಇದ್ದರೆ ಫೋಟೋಗಾಗಿ ತಂದುಕೊಂಡ ನಗು. ಪ್ರತಿ ಕ್ರಿಯೆಯನ್ನೂ ಎಡ ಬಲವಾಗಿ ಬೇರ್ಪಡಿಸಿಡಿ, ಏಕೆಂದರೆ ಸಹಜವಾದ ಮುಖ ಎರಡೂ ಬದಿಯಲ್ಲಿ ಒಂದೇ ಸಮನೆ ಚಲಿಸುವುದಿಲ್ಲ.

ಶೇಪ್ ಕೀಯಲ್ಲಿ ಪ್ರತಿ ಬಿಂದುವೂ ನೇರ ಗೆರೆಯಲ್ಲಿ ಸಾಗುತ್ತದೆ, ಕಣ್ಣುಗುಡ್ಡೆಯಾದರೋ ದುಂಡಗಿದೆ. ಹೀಗಾಗಿ ರೆಪ್ಪೆ ಅರ್ಧ ಮುಚ್ಚಿದಾಗ ಗುಡ್ಡೆಯೊಳಕ್ಕೆ ಹೂತುಹೋಗುತ್ತದೆ. ನಡುವಿನ ಸ್ಥಿತಿಗೆಂದು ಇನ್ನೊಂದು ಶೇಪ್ ಕೆತ್ತಿ, ಅದರ ಮೌಲ್ಯ ಅರ್ಧದಲ್ಲಿ ಪೂರ್ತಿಯಾಗಿ ಎರಡೂ ತುದಿಗಳಲ್ಲಿ ಸೊನ್ನೆಯಾಗುವಂತೆ ಡ್ರೈವರ್ ಬರೆಯಿರಿ. ಅಥವಾ ರೆಪ್ಪೆಗೆ ಗುಡ್ಡೆಯ ಮಧ್ಯದಲ್ಲಿ ಬುಡವಿರುವ ಮೂಳೆ ಕೊಡಿ. ದವಡೆಗೂ ಇದೇ ಕಾರಣಕ್ಕೆ ಮೂಳೆಯೇ ತಕ್ಕದ್ದು.

ಪಾತ್ರ ಕನ್ನಡ ಮಾತಾಡುವುದಾದರೆ ಬಾಯಿಯ ಶೇಪುಗಳನ್ನು ವರ್ಣಮಾಲೆಯಿಂದಲೇ ಆರಿಸಿಕೊಳ್ಳಬಹುದು. ಪ, ಬ, ಭ, ಮ ಅಕ್ಷರಗಳಿಗೆಲ್ಲ ತುಟಿ ಮುಚ್ಚಿದ ಒಂದೇ ಶೇಪ್ ಸಾಕು. ವಕಾರಕ್ಕೆ ಕೆಳತುಟಿ ಮೇಲಿನ ಹಲ್ಲಿನ ಸಮೀಪಕ್ಕೆ ಬರಬೇಕು. ಉ, ಒಗಳಿಗೆ ತುಟಿ ದುಂಡಗಾಗಬೇಕು. ಟ, ಡ, ಣಗಳಲ್ಲಿ ನಾಲಿಗೆ ಒಳಗೇ ಮಡಚುವುದರಿಂದ ಹೊರಗಿನ ಶೇಪ್ ಬಹುತೇಕ ಬೇಕಿಲ್ಲ. ಅಪ್ಪ, ಅಮ್ಮ, ಹಬ್ಬ ಎಂಬಂಥ ಒತ್ತಕ್ಷರದ ಪದಗಳಲ್ಲಿ ತುಟಿ ಹೆಚ್ಚು ಹೊತ್ತು ಮುಚ್ಚಿರುತ್ತದೆ. ಸೆಕೆಂಡಿಗೆ 24 ಫ್ರೇಮಿನ ಅನಿಮೇಶನ್‌ನಲ್ಲಿ ಆ ಮುಚ್ಚುವಿಕೆಗೆ ಮೂರು ಫ್ರೇಮನ್ನಾದರೂ ಕೊಡಿ, ಧ್ವನಿಗಿಂತ ಒಂದು ಫ್ರೇಮ್ ಮೊದಲೇ ತುಟಿ ಸೇರಲಿ.