ಫಿಟ್ಸ್ ಬಂದ ಹಸುಗೂಸಿನ ಮುಂದಿನ ಬೆಳವಣಿಗೆ ಅಂದಾಜಿಸುವುದು ಹೇಗೆ?

ಎಷ್ಟು ಸಲ ಫಿಟ್ಸ್ ಬಂತು ಎಂಬುದಕ್ಕಿಂತ ಯಾಕೆ ಬಂತು ಎಂಬುದೇ ಮುಖ್ಯ. ಮೊದಲು ರಕ್ತದ ಸಕ್ಕರೆ ನೋಡಿ. ಕಡಿಮೆಯಿದ್ದರೆ ಕೆಜಿಗೆ 2 ಮಿಲಿಯಂತೆ 10% ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ರಕ್ತನಾಳಕ್ಕೆ ಕೊಡಿ. ಕ್ಯಾಲ್ಸಿಯಂ ಕೊರತೆಯೊಂದೇ ಕಾರಣವಾಗಿದ್ದರೆ ಮಗು ಸಾಮಾನ್ಯವಾಗಿ ಚೆನ್ನಾಗಿಯೇ ಬೆಳೆಯುತ್ತದೆ. ಹೆರಿಗೆ ವೇಳೆ ತೀವ್ರ ಉಸಿರುಗಟ್ಟಿದ್ದರೆ, ಮೆನಿಂಜೈಟಿಸ್ (ಮೆದುಳಿನ ಪೊರೆಯ ಸೋಂಕು) ಅಥವಾ ಮೆದುಳಿನ ರಚನಾದೋಷವಿದ್ದರೆ ಅಪಾಯ ಹೆಚ್ಚು.

ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯಲ್ಲಿ ಫಿಟ್ಸ್ ಅಲೆಯನ್ನಷ್ಟೇ ಹುಡುಕಬೇಡಿ, ಹಿನ್ನೆಲೆ ಚಟುವಟಿಕೆ (ಫಿಟ್ಸ್ ಇಲ್ಲದಾಗಿನ ಅಲೆಗಳು) ನೋಡಿ. ಅದು ದಿನಗಟ್ಟಲೆ ಕುಗ್ಗಿಯೇ ಇದ್ದರೆ ಚಿಂತೆಯ ಮಾತು. ಫಿಟ್ಸ್ ತಡೆಯುವ ಫಿನೋಬಾರ್ಬಿಟೋನ್ ಕೊಟ್ಟ ಬೆನ್ನಲ್ಲೇ ತೆಗೆದ ಇಇಜಿ ಮೋಸ ಮಾಡಬಹುದು. ಔಷಧವೇ ಅಲೆಗಳನ್ನು ತಗ್ಗಿಸುತ್ತದೆ. ಮತ್ತೊಮ್ಮೆ ತೆಗೆಯಿರಿ. ಉಸಿರುಗಟ್ಟಿದ ಮಗುವಿಗೆ ಎಂಆರ್‌ಐ ಮೊದಲ ವಾರದಲ್ಲೇ ಆಗಲಿ.

ಮನೆಗೆ ಹೋದ ಮೇಲೂ ಮಗುವನ್ನು ಗಮನಿಸುತ್ತಿರಬೇಕು. ಉದಾಹರಣೆಗೆ, ಯಾದಗಿರಿಯ ಹಳ್ಳಿಯಿಂದ ಕಲಬುರಗಿಯ ಆಸ್ಪತ್ರೆಗೆ ಬಂದ ತಾಯಿಗೆ 3, 6, 12, 18 ತಿಂಗಳ ಭೇಟಿಯನ್ನು ಚೀಟಿಯಲ್ಲಿ ಬರೆದುಕೊಡಿ. ಪ್ರತಿಸಲ ತಲೆಯ ಸುತ್ತಳತೆ, ಕೈಕಾಲಿನ ಬಿಗಿತ, ಕಣ್ಣು-ಕಿವಿ ಪರೀಕ್ಷಿಸಿ.